ದೋಣಿಯೊಳಗಿನ ಕೆರೆ

ಹುಬ್ಬಳ್ಳಿ-ಧಾರವಾಡದವರಿಗೆ ಕಣ್ಣಿಗೆ ಕಾಣುವ ನದಿ ಇಲ್ಲ. ಇದ್ದದ್ದು ಒಂದೇ ಒಂದು ಶಾಲ್ಮಲಾ. ಅದು ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟಿ, ಗುಪ್ತಗಾಮಿನಿ ಎಂಬ ಬಿರುದು ಹೊತ್ತು, ನಮಗೆ ಮುಖ ತೋರಿಸದೆ ಹೋಗಿ ಬೇಡ್ತಿಯನ್ನು ಕೂಡುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಊರಿನ ಮೂಡಲಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಟ್ಟಿನಲ್ಲಿ ನಮ್ಮ ಅವಳಿ ನಗರ ಕೂತಿರುವುದು ನೀರು ಎರಡೂ ಕಡೆಗೆ ಸೋರಿಹೋಗುವ ದಿಬ್ಬದ ಮೇಲೆ. ದೋಣಿಯೊಂದಿಗೆ ನಮ್ಮ ಪರಿಚಯವೂ ಅಷ್ಟಕ್ಕಷ್ಟೇ. ಶ್ರಾವಣದಲ್ಲಿ ಸಿದ್ಧಾರೂಢ ಮಠದ ಹೊಂಡದಲ್ಲಿ ತೆಪ್ಪದ ತೇರು ನೋಡಿ ಕೈ ಮುಗಿಯುತ್ತೇವೆ. ಬೀಗರು ಬಂದಾಗ ಉಣಕಲ್ ಕೆರೆಗೆ ಕರೆದೊಯ್ದು, ಅಂತರಗಂಗೆ ದಾರಿ ಬಿಟ್ಟಿದ್ದರೆ ಬೋಟಿನಲ್ಲಿ ಕೂಡಿಸುತ್ತೇವೆ.

ಆದ್ದರಿಂದ ನಮ್ಮ ಓಣಿಯ ಮಾಸ್ತರರು ಒಂದು ದಿನ ಟಾಟಾ ಏಸ್ ಗಾಡಿಯಲ್ಲಿ ಅಲ್ಯುಮಿನಿಯಂ ದೋಣಿಯೊಂದನ್ನು ತಂದು ಕಂಪೌಂಡಿನಲ್ಲಿ ಇಳಿಸಿದಾಗ ಕೇಶ್ವಾಪುರದ ಅರ್ಧ ಜನ ಬಂದು ನೋಡಿ ಹೋದರು. ಮಾಸ್ತರರು ಹೈಸ್ಕೂಲಿನಲ್ಲಿ ಭೂಗೋಲ ಕಲಿಸಿದವರು. ಭೀಮಾ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಎಂದು ತಲೆಮಾರುಗಟ್ಟಲೆ ಹುಡುಗರಿಂದ ಬಾಯಿಪಾಠ ಮಾಡಿಸಿ, ತಾವು ಮಾತ್ರ ಖಡುವಿನ ಧೂಳಿನಲ್ಲೇ ಉಳಿದವರು. ನಿವೃತ್ತಿಯಾದ ಮೇಲಾದರೂ ನೀರಿನ ಮೇಲೆ ಕೂತು ಗಾಳ ಹಾಕಬೇಕೆಂಬುದು ಅವರ ಆಸೆ. ಯಾವುದೋ ಹರಾಜಿನಲ್ಲಿ ಮಾರಾಟವಾಗಿ, ಗುಜರಿಯವನ ಕೈಗೆ ಬಂದು, ಅಲ್ಲಿಂದ ಇವರ ಕೈಗೆ ದಾಟಿದ ದೋಣಿ ಅದು. ಹನ್ನೆರಡು ಅಡಿ ಉದ್ದ, ಮೈತುಂಬ ರಿವೆಟ್ಟು, ಮೂತಿಯ ಬಲಮಗ್ಗಲಿಗೆ ಎದ್ದು ಕಾಣುವ ಒಂದು ನೆಗ್ಗು.

ಕಲಘಟಗಿ ರಸ್ತೆಯ ಕಡೆಯ ಹಳ್ಳಿಯೊಂದರ ಕೆರೆ ಅಲ್ಲಿಯ ಮೀನುಗಾರರ ಸಂಘಕ್ಕೆ ಗುತ್ತಿಗೆ ಇತ್ತು. ಮಾಸ್ತರರು ಸಂಘದವರ ಒಪ್ಪಿಗೆ ಪಡೆದರು. ಕಾಟ್ಲಾ, ರೋಹು, ಮೃಗಾಲ ಮರಿ ತಂದು ಬಿಟ್ಟವರು ಸಂಘದವರು, ಅದಕ್ಕೆ ಕೈ ಹಚ್ಚುವಂತಿಲ್ಲ. ಬೇಡವೆಂದರೂ ಕೆರೆಯಲ್ಲಿ ಹೆಚ್ಚಿಕೊಳ್ಳುವ ಜಿಲೇಬಿ ಮೀನನ್ನು ಎಷ್ಟು ಹಿಡಿದರೂ ತಕರಾರಿಲ್ಲ. ಪೇಢೆಯ ಸೀಮೆಯವರು ಜಿಲೇಬಿ ಹುಡುಕಿಕೊಂಡು ಹೊರಟರೆಂದು ಓಣಿ ನಕ್ಕಿತು. ಮಾಸ್ತರರ ಮನೆಯವರು ಮಾತ್ರ ನಗಲಿಲ್ಲ. "ಹಿಡಿದ ಮೀನು ನಮ್ಮ ಹೊಸ್ತಿಲಾ ದಾಟಲಿಕ್ಕಿಲ್ಲ, ಈಗs ಹೇಳೇನಿ" ಎಂದರು. ಮಾಸ್ತರರು ಒಪ್ಪಿದರು. ಅವರಿಗೆ ಬೇಕಾದದ್ದು ಮೀನಲ್ಲ, ಕೂಡುವುದು.

ಕೂಡಲಿಕ್ಕೂ ಆಗಲಿಲ್ಲ. ದೋಣಿ ನೀರಿಗಿಳಿದು ಅರ್ಧ ತಾಸಿನೊಳಗೆ ಪಾದ ಒದ್ದೆಯಾಯಿತು. ಇನ್ನರ್ಧ ತಾಸಿಗೆ ಹಲಗೆಯ ಕೆಳಗೆ ನೀರು ಕುಲುಕಾಡುವ ಸಪ್ಪಳ. ಗಾಳಕ್ಕಿಂತ ಬಚ್ಚಲುಮನೆಯ ಪ್ಲಾಸ್ಟಿಕ್ ಮಗ್ಗಿಗೇ ಹೆಚ್ಚು ಕೆಲಸ ಬಿತ್ತು.

ದೋಣಿಯ ತಳದಲ್ಲಿ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ, ಮೂರು ಮಿಲಿಮೀಟರಿನ ಒಂದು ತೂತು ಇದೆ ಎಂದಿಟ್ಟುಕೊಳ್ಳಿ. ಹುರಿಗಡಲೆ ದಾಟದ ತೂತು. ಲೆಕ್ಕ ಹಾಕಿದರೆ ಅದರಿಂದ ಗಂಟೆಗೆ ಸುಮಾರು 30 ಲೀಟರ್ ನೀರು ಒಳಗೆ ಬರುತ್ತದೆ. ಎರಡು ಕೊಡ ಆಯಿತು. ಮುಳುಗಿಸಲು ಸಾಲದು, ನೆಮ್ಮದಿ ಕೆಡಿಸಲು ಧಾರಾಳ ಸಾಕು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹಡಗು ಕಟ್ಟಿದ ಕಂಪನಿಯ ಎಂಜಿನಿಯರ್ ಎಡ್ವರ್ಡ್ ವೈಲ್ಡಿಂಗ್ ನೀರು ನುಗ್ಗಿದ ವೇಗದ ಮೇಲಿಂದ ತೂತಿನ ಅಳತೆ ತೆಗೆದ: ಎಲ್ಲ ಸೇರಿ ಸುಮಾರು 12 ಚದರ ಅಡಿ! ನಮ್ಮ ಮನೆಯ ಬಾಗಿಲಿನಷ್ಟೂ ಇಲ್ಲ. ಮಂಜುಗಡ್ಡೆ ಹಡಗಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿತೆಂಬುದು ಸಿನಿಮಾದವರ ಮತ್ತು ಪತ್ರಿಕೆಯವರ ಕಲ್ಪನೆ. ನಿಜಕ್ಕೂ ಆದದ್ದು, ತಗಡುಗಳ ಜೋಡಣೆ ಅಲ್ಲಲ್ಲಿ ಬಿಚ್ಚಿಕೊಂಡು ಕೂದಲಿನಂಥ ಸಂದುಗಳಾದದ್ದು. ಮಾಸ್ತರರಿಗೆ ಈ ಸಂಗತಿ ಹೇಳಿ ಸಮಾಧಾನ ಮಾಡಲು ನೋಡಿದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಹುಬ್ಬಳ್ಳಿಯಲ್ಲಿ ಕೇಳದೆ ಸಿಗುವ ಪದಾರ್ಥ ಸಲಹೆ. ಪೇಂಟರ್ ಬಂದು ನೋಡಿ, ಬಣ್ಣ ಎದ್ದದ್ದೇ ಕಾರಣ, ಎರಡು ಕೋಟ್ ಹೊಡೆದರೆ ಹನಿ ನೀರು ಬರುವುದಿಲ್ಲ ಎಂದ. ವೆಲ್ಡರ್ ನೆಗ್ಗಿನ ಮೇಲೆ ಕೈಯಾಡಿಸಿ, ಕತ್ತರಿಸಿ ಹೊಸ ತುಂಡು ಕೂಡಿಸಬೇಕೆಂದ. ಮೂಲೆಯ ಕಿರಾಣಿ ಅಂಗಡಿಯವರು ಎಂ-ಸೀಲ್ ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ಬಂದಿದ್ದರು. ಬೆಂಗಳೂರಿನ ಅಳಿಯ ಫೋನಿನಲ್ಲಿ, ಇದನ್ನು ಮಾರಿ ಫೈಬರ್ ದೋಣಿ ಕೊಳ್ಳಿರಿ ಎಂದ. ಪ್ರತಿಯೊಬ್ಬರಿಗೂ ತೂತು ಅವರವರ ಚೀಲದಲ್ಲಿದ್ದ ಹತ್ಯಾರಿಗೆ ಸರಿಹೊಂದುವ ಜಾಗದಲ್ಲೇ ಕಂಡಿತ್ತು. ಒಂದು ಮಾತಿನಲ್ಲಿ ಮಾತ್ರ ಎಲ್ಲರ ಒಮ್ಮತ: ತಪ್ಪು ನೆಗ್ಗಿನದೇ. ಪಾಪ, ಮೂತಿಗೆ ಪೆಟ್ಟು ತಿಂದವರ ಮೇಲೆ ಯಾರಿಗೂ ಮೊದಲು ಸಂಶಯ.

ಈ ಗದ್ದಲದಲ್ಲಿ ಮಾತಾಡದೆ ನಿಂತವರೆಂದರೆ ಎದುರು ಮನೆಯ ಕಾಕಾ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರಿನ ಕೆಲಸ ಮಾಡಿ ನಿವೃತ್ತರಾದವರು. 1885ರಲ್ಲಿ ಸದರ್ನ್ ಮರಾಠಾ ರೈಲ್ವೆ ಶುರುಮಾಡಿದ ಆ ವರ್ಕ್‌ಶಾಪು ಹುಬ್ಬಳ್ಳಿಗೆ ಗಿರಣಿಗಿಂತಲೂ ಮುಂಚೆ ಭೋಂಗಾ ಕೇಳಿಸಿದ್ದೋ ಏನೋ, ಅದು ಬೇರೆ ವಾದ. ಆದರೆ ಊರಿಗೆ ಒಂದು ಜಾತಿಯ ಮನುಷ್ಯರನ್ನು ಅದು ಕೊಟ್ಟಿದೆ: ಕಬ್ಬಿಣವನ್ನು ನೋಡುವುದಕ್ಕಿಂತ ಕೇಳುವವರು. ಕಾಕಾ ಅಂಥವರು. ಉಗಿ ಎಂಜಿನ್ನಿನ ಬಾಯ್ಲರುಗಳಲ್ಲಿ ಸಾವಿರಗಟ್ಟಲೆ ರಿವೆಟ್ಟು. ಒಂದೊಂದರ ಆರೋಗ್ಯವನ್ನೂ ಸುತ್ತಿಗೆಯ ಸಪ್ಪಳದಿಂದ ಹೇಳುತ್ತಿದ್ದ ಕಾಲದವರು.

ಎಲ್ಲರೂ ಹೇಳಿ ಮುಗಿಸಿದ ಮೇಲೆ ಕಾಕಾ ಎಲಿ-ಅಡಿಕೆ ಉಗುಳಿ ಬಂದು, "ಮಾಸ್ತರ, ನೀರು ಕಂಡಲ್ಲಿ ತೂತು ಇರೂದಿಲ್ಲರಿ. ನೀರಿಗೆ ಕಾಲು ಅದಾವು" ಎಂದರು.

ಈ ಮಾತು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಮೇಲ್ಮುದ್ದಿ ಮನೆಗಳಲ್ಲಿ ಬೆಳೆದವರಿಗೆಲ್ಲ ಗೊತ್ತು. ಮಿರಗದ ಮಳೆಗೆ ಮುಂಚೆ ಮಾಳಿಗೆ ಏರಿ, ಸವಳು ಮಣ್ಣು ಹರವಿ, ತುಳಿದು, ಇನ್ನೇನು ಸೋರುವುದಿಲ್ಲ ಎಂದು ಇಳಿಯುತ್ತಿದ್ದರು. ಆಷಾಢದ ಜಿಟಿಜಿಟಿ ಹಿಡಿದ ಮೂರನೆಯ ದಿನ ಹನಿ ಬೀಳುವುದು ದೇವರ ಮನೆಯಲ್ಲಿ. ಮಾಳಿಗೆ ಏರಿ ದೇವರ ಮನೆಯ ನೆತ್ತಿಗೆ ಮಣ್ಣು ಹಾಕಿದರೆ ಹನಿ ನಿಲ್ಲದು. ಏಕೆಂದರೆ ನೀರು ಇಳಿದದ್ದು ಬೆಳಕಿಂಡಿಯ ಮಗ್ಗಲಿಗೆ. ಜಂತಿಯ ಬೆನ್ನ ಮೇಲೆ ನಡೆದು, ತೊಲೆಗೆ ಬಂದು ತುಸು ವಿಶ್ರಾಂತಿ ತೆಗೆದುಕೊಂಡು, ದೇವರ ತಲೆಯ ಮೇಲೆ ಅಭಿಷೇಕ. ಶಿಶುನಾಳದ ಶರೀಫಜ್ಜ ಸೋರುವ ಮಾಳಿಗೆಯ ಮೇಲೆ ಹಾಡು ಕಟ್ಟಿದ. ಊರೂರಿನ ಭಜನಿ ಮೇಳದವರು ಹಾಡಿದರು. ಪಂಡಿತರು ಅದರಲ್ಲಿ ದೇಹ, ಮನಸ್ಸು, ಅಜ್ಞಾನ ಎಲ್ಲವನ್ನೂ ಕಂಡರು. ಇದ್ದೀತು. ಆದರೆ ರಾತ್ರಿ ಎರಡಕ್ಕೆದ್ದು ಹನಿಯ ಕೆಳಗೆ ಬೋಗಾಣಿ ಸರಿಸಿದವರಿಗೆ ಅದರ ಮೊದಲನೆಯ ಅರ್ಥವೇ ಸಾಕಷ್ಟು ಆಳವಾಗಿದೆ.

ದೋಣಿಯಲ್ಲೂ ಇದೇ ಕಥೆ. ತಳಕ್ಕೆ ಅಡ್ಡಡ್ಡವಾಗಿ ಪಟ್ಟಿಗಳಿವೆ, ಅದರ ಮೇಲೆ ಹಲಗೆ, ಕೂಡುವ ಪೀಠದ ಹೊಟ್ಟೆಯಲ್ಲಿ ಥರ್ಮೋಕೋಲು. ಹಿಂದೆ ಹೊಕ್ಕ ನೀರು ಮುಂದೆ ಕಾಣುತ್ತದೆ. ಮುಂದೆ ಹೊಕ್ಕದ್ದು ಥರ್ಮೋಕೋಲಿನೊಳಗೆ ಅಡಗಿ ಕೂತು ದೋಣಿಯ ತೂಕ ಹೆಚ್ಚಿಸುತ್ತದೆ. ಮಾಸ್ತರರು ಕೂತಾಗ ನೀರೆಲ್ಲ ಮಾಸ್ತರರ ಕಡೆಗೇ. ಅದನ್ನು ನೋಡಿ ತೂತು ತಮ್ಮ ಕಾಲಡಿಗೇ ಇದೆ ಎಂದು ಅವರು ಬಹಳ ದಿನ ನಂಬಿದ್ದರು.

ರಿವೆಟ್ಟಿನ ಅಲ್ಯುಮಿನಿಯಂ ದೋಣಿಯ ಮೂಲ ಹುಡುಕಿಕೊಂಡು ಹೋದರೆ ವಿಮಾನ ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗ್ರಮನ್ ಕಂಪನಿ ಯುದ್ಧವಿಮಾನ ಮಾಡುತ್ತಿತ್ತು. 1944ರಲ್ಲಿ ಅದರ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ ರಜೆ ಹಾಕಿ ಕಾಡಿನ ಕೆರೆಗಳಿಗೆ ಹೋದ. ಕೆರೆಯಿಂದ ಕೆರೆಗೆ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಕಟ್ಟಿಗೆಯ ದೋಣಿ, ಮೇಲೆ ಮೇಣಗಬಟ್ಟೆ, ಮಣಭಾರ. ಹೆಗಲು ನೋಯಿಸಿಕೊಂಡು ಮರಳಿದವನು, ವಿಮಾನದ ತಗಡಿನಲ್ಲೇ ದೋಣಿ ಏಕೆ ಮಾಡಬಾರದೆಂದು ಕೇಳಿದ. 1945ಕ್ಕೆ ಯುದ್ಧ ಮುಗಿಯಿತು, ವಿಮಾನಕ್ಕೆ ಗಿರಾಕಿ ಕಡಿಮೆಯಾದರು, ಕಾರ್ಖಾನೆಯಿಂದ ದೋಣಿ ಹೊರಬಿತ್ತು. ವಿಮಾನಕ್ಕೆ ಹೊಡೆಯುವ ರಿವೆಟ್ಟೇ ದೋಣಿಗೂ. ಅಂದಮೇಲೆ ನಮ್ಮ ಕಾಕಾನ ಸುತ್ತಿಗೆ ಆ ದೋಣಿಗೆ ಪರಕೀಯವಲ್ಲ. ಗಾಳಿಯದು, ನೀರಿನದು, ಉಗಿಯದು, ಮೂರೂ ಒಂದೇ ಮನೆತನ.

ರಿವೆಟ್ಟಿನ ಗುಣ ವಿಚಿತ್ರ. ಅದು ಒಮ್ಮೆಲೇ ಮುರಿಯುವುದಿಲ್ಲ. ವರ್ಷಾನುಗಟ್ಟಲೆ ಅಲೆಯ ಪೆಟ್ಟು, ದಂಡೆಗೆ ಎಳೆಯುವಾಗ ಕಲ್ಲಿನ ಉಜ್ಜು, ಇದರಿಂದ ಕೂದಲಿನಷ್ಟು ಸಡಿಲಾಗುತ್ತದೆ. ದಂಡೆಯ ಮೇಲೆ ಖಾಲಿ ದೋಣಿ ನೋಡಿದರೆ ಎಲ್ಲ ಗಟ್ಟಿ. ಮನುಷ್ಯ ಕೂತು, ತಗಡು ಬಾಗಿದಾಗ ಮಾತ್ರ ಸಂದು ತೆರೆಯುತ್ತದೆ. ಸರಕಾರಿ ತನಿಖೆಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬಹುದಿತ್ತು, ಬೇಡ.

ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ ದೋಣಿಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು ಸಾಧ್ಯವಿಲ್ಲ. ಅದಕ್ಕೆ ಕಾಕಾ ಬಾಯ್ಲರಿನ ಉಪಾಯ ಹೇಳಿದರು. ಬಾಯ್ಲರಿಗೆ ಬೆಂಕಿ ಹಚ್ಚುವ ಮೊದಲು ತಣ್ಣೀರು ತುಂಬಿ, ಒತ್ತಡ ಕೊಟ್ಟು, ಹೊರಗೆ ಎಲ್ಲಿ ಹನಿಯುತ್ತದೆ ನೋಡುವುದು ಅಲ್ಲಿಯ ಪದ್ಧತಿ. ದೋಣಿಗೆ ಒತ್ತಡ ಬೇಡ, ನೀರು ಸಾಕು. ನೀರಿನೊಳಗೆ ದೋಣಿ ಇಟ್ಟಾಗ ತೂತು ಕಾಣದಿದ್ದರೆ ದೋಣಿಯೊಳಗೆ ನೀರು ಇಡಬೇಕು. ಒಳಗೆ ಬರುವ ದಾರಿಯೇ ಹೊರಗೆ ಹೋಗುವ ದಾರಿ.

ಲೆಕ್ಕ ಹಾಕಿದೆವು. ಒಂದು ಗೇಣು ಆಳಕ್ಕೆ ತುಂಬಿಸಬೇಕೆಂದರೂ 400 ಲೀಟರ್ ಹತ್ತಿರ ಬೇಕು. 400 ಲೀಟರ್ ಎಂದರೆ 400 ಕಿಲೋ. ದೋಣಿ ಇರುವುದು ಹೊರಗಿನ ನೀರಿನ ಒತ್ತಡ ತಡೆಯಲು. ಒಳಗಿನ ಭಾರಕ್ಕೆ ಎರಡು ಇಟ್ಟಂಗಿ ಮೇಲೆ ನಿಲ್ಲಿಸಿದರೆ ನಡು ಮುರಿದೀತು. ಹಳೆಯ ಲಾರಿ ಟಾಯರುಗಳನ್ನು ತಂದು ಉದ್ದಕ್ಕೂ ಆಸರೆ ಕೊಟ್ಟು, ತಳ ಕಾಣುವಷ್ಟು ಎತ್ತರಕ್ಕೆ ದೋಣಿಯನ್ನು ಕೂಡಿಸಿದೆವು. ಹಲಗೆ, ಥರ್ಮೋಕೋಲು ಎಲ್ಲ ಹೊರಗೆ. ಇಷ್ಟೆಲ್ಲ ಆದ ಮೇಲೆ ನಿಜವಾದ ಪ್ರಶ್ನೆ ಎದುರಾಯಿತು. ಹುಬ್ಬಳ್ಳಿಯಲ್ಲಿ 400 ಲೀಟರ್ ನೀರು ಎಲ್ಲಿಂದ ತರುವುದು?

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಊರಿನ ಹೆಚ್ಚಿನ ಓಣಿಗಳಲ್ಲಿ ದಿನಗಳನ್ನು ಸೋಮವಾರ ಮಂಗಳವಾರ ಎಂದು ಎಣಿಸುವ ರೂಢಿ ಕಡಿಮೆ. ನಳ ಬಂದ ದಿನ, ನಳ ಬಂದು ಎರಡನೆಯ ದಿನ, ಮೂರನೆಯ ದಿನ... ಹೀಗೆ ಒಂದು ವಾರದ ಆಚೀಚೆ ಮತ್ತೆ ನಳ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ, ದಿಬ್ಬ ಏರಿ ಬರುವ ಮಲಪ್ರಭೆಗೆ ಕಾಯುವುದು ಇಲ್ಲಿಯ ಗೃಹಸ್ಥಾಶ್ರಮದ ಭಾಗ. ಮದುವೆಯ ಮುಹೂರ್ತವನ್ನು ಭಟ್ಟರು ಇಟ್ಟರೂ, ಹಿಂದಿನ ದಿನ ನಳ ಬರುತ್ತದೆಯೇ ಎಂದು ವಾಲ್ವ್‌ಮನ್‌ನನ್ನು ಕೇಳಿಯೇ ಪತ್ರಿಕೆ ಅಚ್ಚಿಗೆ ಕೊಡುವುದು ಜಾಣತನ. ಇಂಥ ಊರಿನಲ್ಲಿ ಮನುಷ್ಯನೊಬ್ಬ ಸೋರುತ್ತದೆ ಎಂದು ಗೊತ್ತಿದ್ದೂ ದೋಣಿಗೆ ನೀರು ತುಂಬಿಸುವುದೆಂದರೆ!

ಬಾಜೂ ಮನೆಯ ಅಕ್ಕಾರು ಕಂಪೌಂಡಿನ ಮೇಲಿಂದ ಹಣಿಕಿ ನೋಡಿ, "ಅಲ್ರೀ ಮಾಸ್ತರ, ಮಂದಿಗೆ ಕುಡ್ಯಾಕ ನೀರಿಲ್ಲ, ನೀವು ದೋಣಿಗೆ ಕುಡಸಾಕತ್ತೀರಿ?" ಎಂದರು.

"ಬೋರಿನ ನೀರು, ಅಕ್ಕಾರ. ನಳದ್ದಲ್ಲ" ಎಂದು ಮಾಸ್ತರರು ಕೈ ಮುಗಿದರು.

"ಬೋರಿಂದಾದ್ರೂ ನೀರs ಅಲ್ಲೇನು? ಆಮ್ಯಾಲೆ ಅದನ್ನ ಗಟಾರಕ್ಕ ಬಿಡಬ್ಯಾಡ್ರಿ, ನಮ್ಮ ದಾಸಾಳ ಗಿಡಕ್ಕ ಬಿಡ್ರಿ."

ಕರಾರು ಆಯಿತು. ಓಣಿಯ ಮೂಲೆಯ ಬೋರಿನಿಂದ ಕೊಡ, ಬಕೀಟು, ಎಣ್ಣೆಯ ಡಬ್ಬಿ, ಸಿಕ್ಕ ಸಿಕ್ಕದ್ದರಲ್ಲಿ ನೀರು ಹೊತ್ತು ಹಾಕಿದೆವು. ಬೇಸಿಗೆಯ ರಜೆಯಲ್ಲಿದ್ದ ಹುಡುಗರಿಗೆ ಹಬ್ಬ. ಕಾಕಾ ಮತ್ತೊಂದು ಅಪ್ಪಣೆ ಕೊಟ್ಟರು: ನೀರಿಗೆ ಬಣ್ಣ ಬೇಕು, ಬಿಳಿ ತಗಡಿನ ಮೇಲೆ ಬರೀ ನೀರು ಮುದುಕರ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಹಸಿರು ಹೊಳೆಯುವ ಫ್ಲೋರೆಸೀನ್ ಬಳಸುತ್ತಾರೆ. ಹುಬ್ಬಳ್ಳಿಯಲ್ಲಿ ಅದರ ಗರಜಿಲ್ಲ. ಹೋಳಿ ಹುಣ್ಣಿಮೆಯಾಗಿ ಐದನೆಯ ದಿನ ರಂಗಪಂಚಮಿ ಆಡುವ ಊರು ಇದು. ಯಾವ ಮನೆಯ ಮಾಡದಲ್ಲಿ ಹುಡುಕಿದರೂ ಕೆಂಪು ಬಣ್ಣದ ಪುಡಿಕೆ ಒಂದು ಸಿಗುತ್ತದೆ. ಸಿಕ್ಕಿತು. ದೋಣಿಯಲ್ಲಿ ಕೆಂಪು ಕೆರೆ ನಿಂತಿತು.

ನಾವು ಕೆಳಗೆ ಬಗ್ಗಿದೆವು. ಮಾಸ್ತರರ ಕೈಯಲ್ಲಿ ಖಡು, ನನ್ನ ಕೈಯಲ್ಲಿ ಟಾರ್ಚು, ಕಾಕಾನ ಕೈಯಲ್ಲಿ ಏನೂ ಇಲ್ಲ. ಎಲ್ಲರ ಕಣ್ಣು ನೆಗ್ಗಿನ ಮೇಲೆ. ನೆಗ್ಗು ಒಣಗಿ ಠಣಠಣ ಅಂತಿತ್ತು. ಕಾಲು ತಾಸಾಯಿತು, ಅರ್ಧ ತಾಸಾಯಿತು, ಅದರಿಂದ ಒಂದು ಹನಿ ಇಳಿಯಲಿಲ್ಲ. ವೆಲ್ಡರ್ ಮೆಲ್ಲಗೆ ತನ್ನ ಗಾಡಿ ಚಾಲೂ ಮಾಡಿಕೊಂಡು ಹೋದ.

ಮೊದಲು ಮಾತಾಡಿದ್ದು ಹಿಂಭಾಗದ ಬಿರಡೆ. ಮಳೆನೀರು ಹೊರಗೆ ಬಿಡಲು ಇಂಥ ದೋಣಿಗಳ ಹಿಂದುಗಡೆ ಕೆಳಗೆ ಒಂದು ತೂತು ಇಟ್ಟು ಅದಕ್ಕೆ ಬಿರಡೆ ಹಾಕಿರುತ್ತಾರೆ. ಅದರ ರಬ್ಬರ್ ವಾಶರ್ ಬಿಸಿಲಿಗೆ ಒಣಗಿ ಬಿರಿದಿತ್ತು. ಬಿರಡೆಯ ಸುತ್ತ ಒಂದು ಕೆಂಪು ಗೆರೆ ಮೂಡಿತು, ಕೆಳಗಿನ ಅಂಚಿಗೆ ಬಂದು ದಪ್ಪವಾಯಿತು, ಬಿತ್ತು. ದೋಣಿ ತಯಾರಿಸಿದವರೇ ಇಟ್ಟ ತೂತನ್ನು ಬಿಟ್ಟು ಮಿಕ್ಕೆಲ್ಲ ತೂತು ಹುಡುಕಿದ್ದೆವು ಎಂದು ಮಾಸ್ತರರು ಒಂದು ಕ್ಷಣ ಸುಮ್ಮನಾದರು. ಆಮೇಲೆ ನಡುಗೆರೆಯ ಪಟ್ಟಿಯ ಉದ್ದಕ್ಕೆ ರಿವೆಟ್ಟುಗಳು. ಅಲ್ಲಿ ಹನಿ ಬೀಳುವುದಿಲ್ಲ, ಬೆವರುತ್ತದೆ. ಗುಂಡು ತಲೆಯ ಒಂದು ಬದಿಗೆ ಸೂಜಿಮೊನೆಯಷ್ಟು ಕೆಂಪು. ಅಂಗೈಯಿಂದ ಒರೆಸಿದರೆ ಇಲ್ಲ. ಹತ್ತು ಎಣಿಸುವುದರೊಳಗೆ ಮತ್ತೆ ಹಾಜರು. ಕಾಕಾ ಒಂದು ಬೆರಳನ್ನು ರಿವೆಟ್ಟಿನ ಹೊರತಲೆಗೆ ಹಚ್ಚಿ, ಇನ್ನೊಂದು ಕೈ ನೀರಿನೊಳಗೆ ಇಳಿಬಿಟ್ಟು ಒಳಗಿನಿಂದ ಗೆಣ್ಣಿನಲ್ಲಿ ಮೆಲ್ಲಗೆ ಬಡಿದರು. ಗಟ್ಟಿ ಇದ್ದ ರಿವೆಟ್ಟಿನಲ್ಲಿ ಬೆರಳಿಗೆ ಇಡೀ ತಗಡು ಅದುರಿದ್ದು ತಿಳಿಯುತ್ತದೆ, ಸಡಿಲಿದ್ದರೆ ಆ ರಿವೆಟ್ಟು ಒಂದೇ ಅದುರುತ್ತದೆ. ನನಗೂ ಬೆರಳು ಹಚ್ಚಲು ಕೊಟ್ಟರು. ಬೇರೆ ಹೌದು, ಆದರೆ ಆ ಬೇರೆತನ ಬೆರಳಿಗೆ ಹತ್ತಲು ಒಂದು ಜೀವಮಾನದ ಸರ್ವಿಸ್ ಬೇಕು.

ಮೂರನೆಯದು ಎಲ್ಲಕ್ಕಿಂತ ಕಳ್ಳ. ಮೋಟಾರು ಕೂಡಿಸುವ ಹಿಂದಿನ ಹಲಗೆ ತಗಡಿಗೆ ಕೂಡುವ ಮೂಲೆಯಲ್ಲಿ, ಉಗುರಿನಷ್ಟು ಉದ್ದದ ಬಿರುಕು. ನೋಡಿದರೆ ಗೀರು. ದೋಣಿಯೊಳಗೆ ಒಬ್ಬ ಹುಡುಗನನ್ನು ಇಳಿಸಿ ಆ ಮೂಲೆಯಲ್ಲಿ ನಿಲ್ಲಿಸಿದಾಗ ಅದು ಬಾಯಿ ತೆರೆದು ಕೆಂಪು ಎಳೆ ಉಗುಳಿತು. ಹುಡುಗ ಇಳಿದ ಕೂಡಲೇ ಮತ್ತೆ ಗೀರು. ಮಾಸ್ತರರು ಖಡುವಿನಿಂದ ಸುತ್ತು ಹಾಕಿದರು. ಅವರ ಮುಖದಲ್ಲಿ, ನಕಾಶೆಯ ಮೇಲೆ ತಪ್ಪಿಲ್ಲದೆ ಶರಾವತಿ ಗುರುತಿಸಿದ ಹುಡುಗನನ್ನು ಕಂಡ ಸಂತೋಷ.

ರಿಪೇರಿ ಸುದೈವದಿಂದ ಹುಡುಕಾಟದಷ್ಟು ರಂಜಕವಾಗಿರಲಿಲ್ಲ. ವಾಶರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ರಿವೆಟ್ಟುಗಳಿಗೆ ಹೊರಗೊಬ್ಬರು ಭಾರದ ಕಬ್ಬಿಣ ಒತ್ತಿ ಹಿಡಿದು, ಒಳಗಿನಿಂದ ಕಾಕಾ ತಲೆ ಬಡಿದು ಬಿಗಿ ಮಾಡಿದರು. ಬಿರುಕಿಗೆ ಮಾತ್ರ ವಿಚಿತ್ರ ಚಿಕಿತ್ಸೆ: ಅದರ ತುದಿಗೆ ಡ್ರಿಲ್ ಹಿಡಿದು ಸಣ್ಣದೊಂದು ತೂತು ಕೊರೆಯಿರಿ ಎಂದರು. ಸೋರುವ ದೋಣಿಗೆ ಮತ್ತೊಂದು ತೂತೇ ಎಂದು ಮಾಸ್ತರರು ಬೆಚ್ಚಿದರು. ಬಿರುಕು ಓಡುವುದು ಚೂಪು ತುದಿಯಿಂದ, ತುದಿ ದುಂಡಗಾದರೆ ಅಲ್ಲಿಗೆ ಅದರ ಓಟ ನಿಲ್ಲುತ್ತದೆ, ಆಮೇಲೆ ಬೆಸೆದರಾಯಿತು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವವರಿದ್ದಾರೆ. ಅಲ್ಯುಮಿನಿಯಂ ಬೆಸೆಯುವುದು ಕಬ್ಬಿಣದ ಕೆಲಸವಲ್ಲ. ಕಬ್ಬಿಣ ಕರಗುವ ಮೊದಲು ಕೆಂಪಗಾಗಿ ಸೂಚನೆ ಕೊಡುತ್ತದೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅಲ್ಲಿಯವರೆಗೆ ಬಣ್ಣವನ್ನೇ ಬದಲಿಸುವುದಿಲ್ಲ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಪೊರೆ ಕರಗಲಿಲ್ಲವೆಂದು ಬೆಂಕಿ ಹೆಚ್ಚಿಸಿದ ಹೊಸಬನ ಕೈಯಲ್ಲಿ ಒಳಗಿನ ಲೋಹ ಒಮ್ಮೆಲೇ ಕುಸಿದು, ಗೀರು ಇದ್ದಲ್ಲಿ ಮುಷ್ಟಿ ತೂರುವ ತೂತು ಉಳಿಯುತ್ತದೆ. ನಮಗೆ ಸಿಕ್ಕವನು ಹೊಸಬನಲ್ಲ. ಬೆಸೆದ ಜಾಗಕ್ಕೆ ಅವನು ಬಿಲ್ಲೂ ಬರೆದುಕೊಟ್ಟ, ಅದು ಗೋಕುಲ ರಸ್ತೆಯಲ್ಲಿ ಅಪರೂಪ.

ದೋಣಿಯನ್ನು ಮತ್ತೆ ಕೆರೆಗೆ ತಂದಾಗ ಸಂಘದ ಒಬ್ಬ ಅಜ್ಜ ತನ್ನ ಹರಿಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತ ಕೂತಿದ್ದ. ಬಿದಿರಿನ ಬುಟ್ಟಿ, ಮೇಲೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಡಾಂಬರು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ತುಂಗಭದ್ರೆಯಲ್ಲಿ ಕಂಡದ್ದೂ ಇದನ್ನೇ: ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ ದುಂಡು ದೋಣಿ, ಹದಿನೈದಿಪ್ಪತ್ತು ಜನ ಕೂಡುತ್ತಾರೆ, ಗರಜು ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಸುತ್ತುತ್ತ ಸುತ್ತುತ್ತಲೇ ಸಾಗುತ್ತದೆ ಎಂದು ಬರೆದಿಟ್ಟಿದ್ದಾನೆ. ತೊಗಲು ಹೋಗಿ ಪ್ಲಾಸ್ಟಿಕ್ ಬಂತು, ಉಳಿದದ್ದು ಐನೂರು ವರ್ಷದಿಂದ ಹಾಗೇ ಇದೆ. ಅಜ್ಜ ನಮ್ಮ ಪರೀಕ್ಷೆಯ ಕಥೆಯನ್ನೆಲ್ಲ ಕೇಳಿಸಿಕೊಂಡ. "ನಮ್ಮದು ಎಲ್ಲಿ ಸೋರತೈತಿ ಅಂತ ಹುಡುಕಾಕ ಹೋಗೂದಿಲ್ಲರಿ. ಎಲ್ಲಾ ಕಡೆ ಸೋರತೈತಿ ಅಂತ ತಿಳಕೊಂಡು ಎಲ್ಲಾ ಕಡೆ ಬಳಿತೀವಿ" ಎಂದ. ಅಂಬಿಗರ ಚೌಡಯ್ಯನ ಕುಲದವರ ಬಾಯಿಗೆ ಸುತ್ತುಬಳಸು ಬರುವುದಿಲ್ಲ. ಮಾಸ್ತರರು ಅಂದು ಸಂಜೆಯವರೆಗೆ ಒಣ ಪಾದದಲ್ಲಿ ಕೂತರು. ಜಿಲೇಬಿ ಒಂದೂ ಸಿಗಲಿಲ್ಲ, ಮನೆಯವರು ನೆಮ್ಮದಿಯಿಂದ ಬಾಗಿಲು ತೆಗೆದರು.

ಈ ಪ್ರಕರಣ ಮುಗಿದರೂ ನನ್ನ ತಲೆಯಲ್ಲಿ ಒಂದು ಹುಳು ಉಳಿಯಿತು. ಒಳಗೆ ಬರುವ ದಾರಿಯೇ ಹೊರಗೆ ಹೋಗುವ ದಾರಿ ಎಂಬುದು ನಮ್ಮ ಓಣಿಯ ಕೆಳಗೆ ಮಲಗಿರುವ ಪೈಪಿಗೂ ಸಲ್ಲುವ ಮಾತಲ್ಲವೇ? ನಳ ಬಂದಾಗ ಪೈಪಿನಲ್ಲಿ ಒತ್ತಡ ಇರುತ್ತದೆ. ತೂತಿದ್ದರೆ ಒಳ್ಳೆಯ ನೀರು ಹೊರಗೆ ಸೋರುತ್ತದೆ. ರಸ್ತೆಯ ಮೇಲೆ ಹೊಂಡವಾಗಿ, ಎಮ್ಮೆ ಮಲಗಿ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನಳ ನಿಂತ ಮೇಲಿನ ಐದಾರು ದಿನ ಪೈಪು ಖಾಲಿ. ಆಗ ಅದು ದೋಣಿಯಾಗುತ್ತದೆ. ಅದೇ ತೂತಿನಿಂದ ಹೊರಗಿನ ಗಟಾರದ ನೀರು ಒಳಗೆ ಇಳಿಯುತ್ತದೆ, ಫೋಟೋ ಬರುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಹೊಸ ಪೈಪು ಹಾಕಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಬಿಡತೊಡಗಿದರು. ಉಳಿದ ವಾರ್ಡುಗಳಿಗೆ ಹಳೆಯ ಪೈಪು, ಹಳೆಯ ಸರದಿ. ಒಂದೇ ಊರು, ಒಂದೇ ಅಣೆಕಟ್ಟು, ಎರಡು ರೀತಿಯ ನಳ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಳದ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು: ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಹೊಲಸಿನ ಕುರುಹಾದ ಇ. ಕೊಲಿ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕಿತು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಮ್ಮ ಅಜ್ಜಿಯರು ನಳ ಬಂದ ಕೂಡಲೇ ಮೊದಲ ಎರಡು ಕೊಡವನ್ನು ಅಂಗಳಕ್ಕೆ ಚೆಲ್ಲಿ, ಆಮೇಲಿನದನ್ನು ಅರಿವೆಯಿಂದ ಸೋಸಿ ತುಂಬುತ್ತಿದ್ದುದು ಸುಮ್ಮನೆ ಮಡಿಗಾಗಿ ಅಲ್ಲ.

ನೆಲದ ಕೆಳಗಿನ ತೂತನ್ನು ಕಂಡುಹಿಡಿಯುವುದು ದೋಣಿಯ ತೂತಿಗಿಂತ ಕಷ್ಟ. ಮಗುಚಿ ನೋಡುವಂತಿಲ್ಲ, ಕೆಂಪು ಬಣ್ಣ ಹಾಕುವಂತಿಲ್ಲ. ಜಗತ್ತಿನ ಅನೇಕ ಊರುಗಳಲ್ಲಿ ಇದಕ್ಕೆ ಬಳಸುವ ಹಳೆಯ ಸಾಧನ ಕಾಕಾನ ಬೆರಳಿನ ಅಣ್ಣ: ಒಂದು ಉದ್ದನೆಯ ಕಬ್ಬಿಣದ ಸಲಾಕೆ. ಒಂದು ತುದಿಯನ್ನು ವಾಲ್ವಿಗೆ ಇಲ್ಲವೇ ಪೈಪಿಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿದರೆ, ಸೋರುವ ನೀರಿನ ಸುಂಯ್ ಸಪ್ಪಳ ಕೇಳುತ್ತದೆ. ಈಗ ಅದಕ್ಕೆ ಮೈಕು, ಹೆಡ್‌ಫೋನು ಸೇರಿವೆ, ತತ್ವ ಅದೇ. ಹಗಲು ವಾಹನಗಳ ಗದ್ದಲದಲ್ಲಿ ಕೇಳುವುದಿಲ್ಲ, ಆದ್ದರಿಂದ ರಾತ್ರಿಯೇ ಆಗಬೇಕು. ಪೈಪಿನಲ್ಲಿ ನೀರಿಲ್ಲದಿದ್ದರೆ ಸಪ್ಪಳವೂ ಇಲ್ಲ, ಆದ್ದರಿಂದ ನಮ್ಮಂಥ ಓಣಿಗಳಲ್ಲಿ ನಳ ಬಂದ ರಾತ್ರಿಯೇ ಆಗಬೇಕು. ವಾರಕ್ಕೆ ಒಂದೇ ಅವಕಾಶ.

ಆದಕಾರಣ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಓಣಿಗೆ ನಳ ಬಂದ ರಾತ್ರಿ, ಎರಡರ ಸುಮಾರಿಗೆ, ಯಾರಾದರೂ ರಸ್ತೆಯ ನಡುವೆ ಬಗ್ಗಿ ಸಲಾಕೆಗೆ ಕಿವಿ ಹಚ್ಚಿ ನಿಂತದ್ದು ಕಂಡರೆ ಕಳ್ಳ ಕಳ್ಳ ಎಂದು ಕೂಗಬೇಡಿರಿ. ನಾಯಿಯನ್ನು ಒಳಗೆ ಕರೆದುಕೊಳ್ಳಿರಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹಚ್ಚಿದ ಮೋಟಾರನ್ನು ಐದು ನಿಮಿಷ ಬಂದ್ ಮಾಡಿರಿ.